ತುರಿ ಮತ್ತು ಉರಿ

ನಮ್ಮ ಮನೆಯಲ್ಲಿ ಕೆಲವು ವರ್ಷ ಅತಿ ಹೆಚ್ಚು ಬಳಕೆಯಲ್ಲಿದ್ದ ಮಾತು ‘ಊಟಕ್ಕೆ ಬಾ’ ಎಂಬುದಲ್ಲ, ‘ಲೈಟು ಆರಿಸು’ ಎಂಬುದೂ ಅಲ್ಲ. ‘ತುರಿಸ್ಕೋಬೇಡ’ ಎಂಬುದು. ಹೇಳುತ್ತಿದ್ದವಳು ನಾನು, ಹೇಳಿಸಿಕೊಳ್ಳುತ್ತಿದ್ದವಳು ನನ್ನ ಮಗಳು ಸಿಂಚನ. ಈ ಮಾತು ಕೇಳಿ ಲೋಕದಲ್ಲಿ ಯಾರ ತುರಿಕೆಯಾದರೂ ನಿಂತಿದೆಯೋ ನನಗೆ ತಿಳಿಯದು. ಆದರೂ ಹೇಳುತ್ತಿದ್ದೆ. ನಾಚಿಕೆಯ ಸಂಗತಿ ಏನೆಂದರೆ, ಹಾಗೆ ಹೇಳುವ ಹೊತ್ತಿಗೆ ನನ್ನ ಸೆರಗಿನ ಮರೆಯಲ್ಲಿ ಬಲಗೈ ಎಡಗೈಯ ಬೆರಳುಸಂದನ್ನು ತನ್ನಷ್ಟಕ್ಕೆ ಕೆರೆಯುತ್ತಿರುತ್ತಿತ್ತು.

ನಾನು ಕೊಪ್ಪದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮೈಗೆ ಏನಾದರೂ ಆದರೆ ಬೇರೆಯವರು ಡಾಕ್ಟರ ಹತ್ತಿರ ಓಡಿದರೆ ನಾನು ನಿಘಂಟಿನ ಹತ್ತಿರ ಓಡುತ್ತೇನೆ. ನೋಡಿ, ತುರಿ ಅಂದರೆ ಕಾಯಿಯ ತುರಿಯೂ ಹೌದು, ಮೈಯ ತುರಿಯೂ ಹೌದು. ಈ ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದ ನಮ್ಮ ಹಿರಿಯರಲ್ಲಿ ಯಾರಿಗೋ ನನ್ನ ಮಗಳ ಹಾಗೆ ಇಸುಬು ಇದ್ದಿರಲೇಬೇಕು. ಡಾಕ್ಟರು ಎಕ್ಸಿಮಾ ಎನ್ನುವುದನ್ನೇ ನಮ್ಮ ಕಡೆ ಇಸುಬು ಎನ್ನುತ್ತಾರೆ. ಇನ್ನು ಮೈಯ ಮೇಲಿನ ಹೊದಿಕೆಗೂ ಅಂತಸ್ತು ಉಂಟು. ದನಕ್ಕಿರುವುದು ತೊಗಲು, ನಮ್ಮಂಥವರಿಗೆ ಚರ್ಮ, ಟೀವಿ ಜಾಹೀರಾತಿನ ಹುಡುಗಿಯರಿಗೆ ಮಾತ್ರ ತ್ವಚೆ. ನನ್ನ ಯಜಮಾನರು ನಾಗೇಶ್ ಈ ಪೈಕಿ ಮೊದಲನೆಯದರ ತಜ್ಞರು. ನರಸಿಂಹರಾಜಪುರದ ಪಶು ಆಸ್ಪತ್ರೆಯಲ್ಲಿ ಅವರಿಗೆ ಕೆಲಸ. ಹುದ್ದೆಯ ಹೆಸರು ಪರಿವೀಕ್ಷಕ ಎಂದೇನೋ ಇದ್ದರೂ ಊರಿನವರಿಗೆ ಅವರು ದನದ ಡಾಕ್ಟ್ರು.

ಸಿಂಚನಳಿಗೆ ಇಸುಬು ಶುರುವಾದದ್ದು ಹಾಲು ಕುಡಿಯುವ ವಯಸ್ಸಿನಲ್ಲೇ. ಮೊದಲು ಎರಡು ಕೆನ್ನೆ, ಆಮೇಲೆ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕುತ್ತಿಗೆ. ಆಗ ನೋಡಿದ ಡಾಕ್ಟರು ಒಂದು ಪುಟ್ಟ ಟ್ಯೂಬು ಬರೆದುಕೊಟ್ಟು, ಸ್ವಲ್ಪ ದಿನ ಹಚ್ಚಿ ನಿಲ್ಲಿಸಿ ಎಂದಿದ್ದರು. ನಾವು ಸ್ವಲ್ಪ ದಿನ ಹಚ್ಚಿದೆವು, ವಾಸಿಯಾಯಿತು, ನಿಲ್ಲಿಸಿದೆವು. ಮತ್ತೆ ಬಂತು. ಮತ್ತೆ ಹಚ್ಚಿದೆವು. ಹೀಗೆ ಹಚ್ಚುವುದೂ ನಿಲ್ಲಿಸುವುದೂ ಮನೆಯ ಪದ್ಧತಿಯೇ ಆಗಿ, ಡಾಕ್ಟರನ್ನು ಕೇಳುವುದೇ ನಿಂತುಹೋಯಿತು. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನನ್ನ ಮುಖ ಕಂಡೊಡನೆ ಟ್ಯೂಬು ಹೊರಗೆ ಬರುತ್ತಿತ್ತು. ಅದರಲ್ಲಿ ಸ್ಟೀರಾಯ್ಡ್ ಇದೆಯೆಂದು ಡಬ್ಬಿಯ ಮೇಲೆ ಬರೆದೇ ಇತ್ತು. ಸ್ಟೀರಾಯ್ಡ್ ಎಂದರೆ ಓಟದ ಪಂದ್ಯದಲ್ಲಿ ಮೋಸ ಮಾಡುವವರು ನುಂಗುವ ವಸ್ತು ಎಂದಷ್ಟೇ ನನ್ನ ತಿಳಿವಳಿಕೆ. ನನ್ನ ಮಗಳು ಯಾವ ಓಟಕ್ಕೂ ಸೇರಿರಲಿಲ್ಲವಾದ್ದರಿಂದ ನಾನು ನಿಶ್ಚಿಂತಳಾಗಿದ್ದೆ.

ಉಪಚಾರ ಅದೊಂದೇ ಅಲ್ಲ. ಜತೆಯಲ್ಲಿದ್ದ ನಮ್ಮ ಅತ್ತೆ, ಗೌರಮ್ಮ, ಚರ್ಮದ ಕಾಯಿಲೆಗೂ ನಾಗನಿಗೂ ಸಂಬಂಧ ಉಂಟೆಂದು ನಂಬಿದವರು. ಪೂಜೆ ಮಾಡಿಸಿದೆವು. ಇಲ್ಲೇ ಹತ್ತಿರದ ನಾರ್ವೆ ಎಂಬ ಊರಿನ ಸಂಬಂಧಿಕರೊಬ್ಬರು ಕಳಿಸಿದ ಎಣ್ಣೆ ಹಚ್ಚಿದೆವು. ಬದನೆಕಾಯಿ ಬಿಟ್ಟೆವು, ಆಮೇಲೆ ಮೊಸರು ಬಿಟ್ಟೆವು, ಶೇಂಗಾ ಬಿಟ್ಟೆವು. ಇಸುಬು ಮಾತ್ರ ನಮ್ಮನ್ನು ಬಿಡಲಿಲ್ಲ.

ಮಗು ಒಂದನೇ ಕ್ಲಾಸಿಗೆ ಸೇರಿದ ವರ್ಷದ ಚಳಿಗಾಲದಲ್ಲಿ ಅದು ಕಣ್ಣಿನ ರೆಪ್ಪೆಗೆ ಹತ್ತಿತು. ನಾನು ಅದೇ ಟ್ಯೂಬನ್ನು ರೆಪ್ಪೆಗೂ ಹಚ್ಚಿದೆ. ಮೊಣಕೈಯ ಮಡಿಕೆಯಲ್ಲಿ ಚರ್ಮ ತೆಳ್ಳಗಾಗಿ, ಒಳಗಿನ ಎಳೆ ಎಳೆ ರಕ್ತನಾಳ ಕಾಣಿಸುತ್ತಿತ್ತು. ನಾಗೇಶ್ ಒಂದು ಸಂಜೆ ಅವಳ ಕೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಸುಮಾ, ಇದು ಸರಿ ಇಲ್ಲ ಕಣೇ,” ಎಂದರು. “ಕರುವಿನ ತೊಗಲು ಹಿಂಗಾಗಿದ್ರೆ ನಾನು ಆ ಮನೆಯವರಿಗೆ ಬೈದು ಬರ್ತಿದ್ದೆ.”

ನನಗೆ ರೇಗಿತು. ರೇಗಿದ್ದು ಅವರ ಮಾತು ನಿಜವಾಗಿದ್ದರಿಂದ.

ಅದೇ ವಾರ ಸಿಂಚನ ಶಾಲೆಯಿಂದ ಬಂದವಳು ಬ್ಯಾಗು ಇಳಿಸಿ, ಏನೂ ಆಗಿಲ್ಲವೆಂಬಂತೆ ಹೇಳಿದಳು. “ಅಮ್ಮ, ಸ್ಕೂಲ್ ಡೇ ಡಾನ್ಸಲ್ಲಿ ನಾನು ಮರ ಅಂತೆ.”

“ಮೊದಲು ಹೂವು ಅಂದಿದ್ರಲ್ಲ?”

“ಹೂವು ಎಲ್ಲ ಕೈ ಹಿಡ್ಕೊಂಡು ಸುತ್ತಬೇಕು. ಮರಕ್ಕೆ ಕೈ ಹಿಡಿಯೋದು ಬೇಡ ಅಂತೆ. ಸುಮ್ನೆ ನಿಂತ್ರೆ ಆತಂತೆ.”

ಮಾರನೆಯ ದಿನ ಹೆಡ್‌ಮಿಸ್ಸನ್ನು ಕಾಣಲು ಹೋದೆ. ಪಾಪ, ಅವರು ಕೆಟ್ಟವರಲ್ಲ. ಇಬ್ಬರು ಮೂವರು ತಾಯಂದಿರು ಬಂದು, ಅಂಟುವ ಕಾಯಿಲೆ ಇರುವ ಮಗುವಿನ ಪಕ್ಕ ನಮ್ಮ ಮಕ್ಕಳನ್ನು ಕೂರಿಸಬೇಡಿ ಎಂದಿದ್ದರಂತೆ. “ಇದು ಅಂಟೋದಲ್ಲ ಮೇಡಂ,” ಎಂದೆ. “ನಂಗೆ ಗೊತ್ತು, ಅವರಿಗೆ ಹೇಗೆ ಹೇಳ್ಲಿ ಹೇಳಿ,” ಎಂದು ಅವರು ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸತೊಡಗಿದರು. ದಿನವೂ ಮಕ್ಕಳಿಗೆ ವ್ಯಾಕರಣ ಹೇಳಿಕೊಡುವ ನನಗೆ ಆ ಕೋಣೆಯಲ್ಲಿ ಮುಂದಿನ ವಾಕ್ಯ ಹೊಳೆಯಲಿಲ್ಲ. ಎದ್ದು ಬಂದೆ.

ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರೊಬ್ಬರಿದ್ದರು, ಹೆಂಗಸು, ನನಗಿಂತ ನಾಲ್ಕಾರು ವರ್ಷ ದೊಡ್ಡವರಿರಬಹುದು. ತೀರ್ಥಹಳ್ಳಿಯ ಮೇಲೆ ಹೋಗುವ ಬಸ್ಸಿನಲ್ಲಿ ನಾವು ಮೂವರೂ ಹೋದೆವು. ಅವರು ಮಗುವನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ನಾನು ಕೊಂಡೊಯ್ದಿದ್ದ ಟ್ಯೂಬನ್ನು ನೋಡಿದರು.

“ಇದನ್ನ ಎಷ್ಟು ದಿನದಿಂದ ಹಚ್ತಿದೀರಿ?”

“ದಿನ ಅಲ್ಲ ಡಾಕ್ಟ್ರೇ, ವರ್ಷ.”

“ರೆಪ್ಪೆಗೂ?”

ನಾನು ತಲೆಯಾಡಿಸಿದೆ. ಅವರು ಬರೆಯುವ ಪೆನ್ನನ್ನು ಕೆಳಗಿಟ್ಟರು.

ಅವರು ಬೈಯಲಿಲ್ಲ. ಸ್ಟೀರಾಯ್ಡ್ ಕೆಟ್ಟದ್ದೇನಲ್ಲ, ತಕ್ಕ ಜಾಗಕ್ಕೆ, ತಕ್ಕಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧಿಯೇ ಎಂದರು. ಆದರೆ ರೆಪ್ಪೆಯ ಚರ್ಮ ಈರುಳ್ಳಿ ಪೊರೆಯಷ್ಟು ತೆಳು. ಬಹಳ ಕಾಲ ಹಚ್ಚಿದರೆ ಚರ್ಮ ಸವೆಯುವುದಲ್ಲದೆ ಕಣ್ಣಿನ ಒಳಗಿನ ಒತ್ತಡವೂ ಏರಬಹುದು. “ಹೆದರಬೇಡಿ, ಆದ್ರೆ ಕಣ್ಣಿನ ಡಾಕ್ಟ್ರಿಗೂ ಒಂದ್ಸಲ ತೋರಿಸಬೇಕು. ಮುಂದಿನ ಸಲ ಬರುವಾಗ ಹೇಳಿಡ್ತೀನಿ,” ಎಂದು ಬೇರೊಂದು ಮುಲಾಮು ಬರೆದರು. ಇದರಲ್ಲಿ ಸ್ಟೀರಾಯ್ಡ್ ಇಲ್ಲ, ಹೊಸದಾಗಿ ಬಂದದ್ದು, ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರು. ಅದು ಮಾಡುವುದೇನೆಂದು ನಾಗೇಶ್ ಕೇಳಿದರು.

“ಮೈಯಲ್ಲಿ ಕಾವಲುಗಾರರು ಇರ್ತಾರಲ್ಲ, ಇವಳ ಚರ್ಮದಲ್ಲಿ ಅವರು ಕಳ್ಳ ಬರದೇ ಇದ್ರೂ ಲಾಠಿ ಬೀಸ್ತಿದಾರೆ. ಇದು ಅವರನ್ನ ಸುಮ್ಮನೆ ಕೂರಿಸುತ್ತೆ. ಒಂದು ವಿಷಯ. ಮೊದಲು ಸ್ವಲ್ಪ ದಿನ ಉರಿಯುತ್ತೆ. ಉರಿ ಬಂತು ಅಂತ ನಿಲ್ಲಿಸಬೇಡಿ. ಕೀವು ಕಂಡ್ರೆ, ಜ್ವರ ಬಂದ್ರೆ ನಿಲ್ಲಿಸಿ ತಕ್ಷಣ ಬನ್ನಿ.”

ಚೀಟಿ ತೆಗೆದುಕೊಳ್ಳಲು ಚಾಚಿದ ನನ್ನ ಕೈಯನ್ನು ಅವರು ಬಿಡಲಿಲ್ಲ. ತಿರುಗಿಸಿ ನೋಡಿದರು. ಬೆರಳುಗಳ ಸಂದಿನಲ್ಲಿ ಸೀಳು, ಗೆಣ್ಣುಗಳ ಮೇಲೆ ಒಣಗಿ ದಪ್ಪಗಾದ ಚರ್ಮ.

“ಸೀಮೆಸುಣ್ಣದ್ದು,” ಎಂದೆ ನಾನು, ಕೈ ಎಳೆದುಕೊಳ್ಳುತ್ತ. “ಪಾಠ ಮಾಡ್ತೀನಲ್ಲ.”

“ಸೀಮೆಸುಣ್ಣ ಜಗಳ ಎಬ್ಬಿಸಿದೆ ಅಷ್ಟೆ. ಮಗಳದ್ದೂ ನಿಮ್ಮದೂ ಒಂದೇ ಕಾಯಿಲೆ.” ಅವರು ಇನ್ನೊಂದು ಚೀಟಿ ಬರೆದರು. ಅದೇ ಮುಲಾಮು, ದೊಡ್ಡವರಿಗೆ ತಕ್ಕಷ್ಟು ಖಾರ ಹೆಚ್ಚು. ಜನ ಮಕ್ಕಳಿಗೆ ಕಣ್ಣು ಬಳುವಳಿಯಾಗಿ ಕೊಡುತ್ತಾರೆ, ಕಂಠ ಕೊಡುತ್ತಾರೆ. ನಾನು ಕೊಟ್ಟದ್ದು ಇದು ಎಂದು ತಿಳಿದ ಮೇಲೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತೆ.

ಉರಿಯುತ್ತದೆ ಎಂದು ಅವರು ಹೇಳಿದ್ದರು, ನಿಜ. ಉರಿ ಎಂಬ ಎರಡಕ್ಷರದಲ್ಲಿ ಎಷ್ಟು ಉರಿ ಇರುತ್ತದೆ ಎಂಬುದು ಯಾವ ನಿಘಂಟಿನಲ್ಲೂ ಇಲ್ಲ. ಸಂಜೆ ಮೈ ತೊಳೆಸಿ, ಚೆನ್ನಾಗಿ ಆರಿದ ಮೇಲೆ, ಮೊದಲು ಮೊಣಕೈಗೆ ತೆಳ್ಳಗೆ ಸವರಿದೆ. ಕ್ಷಣ ಹೊತ್ತು ಏನೂ ಇಲ್ಲ. ಆಮೇಲೆ ಸಿಂಚನ ಕೈ ಒದರಿಕೊಂಡು ಕಿರುಚಿದ್ದು ಪಕ್ಕದ ಮನೆಯವರೆಗೆ ಕೇಳಿ, ಆ ಮನೆಯವರು ಅಂಗಳಕ್ಕೆ ಬಂದು ನಿಂತರು. ಅತ್ತೆ ಅಡುಗೆ ಮನೆಯಿಂದ ಓಡಿಬಂದು ಮಗುವನ್ನು ಎತ್ತಿಕೊಂಡು, ನನ್ನ ಕೈಯಿಂದ ಟ್ಯೂಬನ್ನು ಕಸಿದುಕೊಂಡರು.

“ಎಂತ ಔಷಧಿನೇ ಇದು, ಮಗೂನ ಸುಡಾದು?”

“ಮೊದ್ಲು ಉರೀತದೆ ಅಂತ ಹೇಳಿದಾರೆ ಅತ್ತೆ.”

“ಹೇಳಿದೋರಿಗೆ ಹಚ್ಚಿದ್ರಾ?”

ನನ್ನ ಹೆಸರಿನ ಇನ್ನೊಂದು ಟ್ಯೂಬು ಅಲ್ಲೇ ಇತ್ತು. ಸಿಂಚನ ಅಜ್ಜಿಯ ಭುಜದ ಮೇಲಿಂದ ನೋಡುತ್ತಿರುವಂತೆಯೇ ಅದನ್ನು ಬಿಚ್ಚಿ ಎರಡೂ ಕೈಯ ಬೆರಳುಸಂದಿಗೆ ಹಚ್ಚಿಕೊಂಡೆ. ಹಸಿಮೆಣಸು ಹೆಚ್ಚಿದ ಕೈಯನ್ನು ಒಲೆಯ ಮುಂದೆ ಹಿಡಿದಂತೆ ಹತ್ತಿಕೊಂಡಿತು. ಕಣ್ಣಲ್ಲಿ ನೀರು ಬಂತು. ತಾಯಿಯಾದವಳು ಇಂಥ ಹೊತ್ತಿನಲ್ಲಿ ನಗಬೇಕು, ‘ನೋಡು ಏನೂ ಇಲ್ಲ’ ಎನ್ನಬೇಕು. ನನ್ನಿಂದ ಆಗಲಿಲ್ಲ. “ಉರೀತದೆ ಚಿನ್ನಿ,” ಎಂದೆ. “ನಿಜವಾಗ್ಲೂ ಉರೀತದೆ.”

ಅವಳು ಅಳು ನಿಲ್ಲಿಸಿ ಕುತೂಹಲದಿಂದ ನನ್ನನ್ನೇ ನೋಡಿದಳು. “ನೀನೂ ಅಳ್ತೀಯಾ?”

ಅಂದಿನಿಂದ ಸಂಜೆ ಇಬ್ಬರೂ ಚಾಪೆ ಹಾಸಿಕೊಂಡು ಎದುರುಬದುರು ಕೂತು, ನಾನು ಅವಳಿಗೆ ಅವಳು ನನಗೆ ಹಚ್ಚುವುದಾಯಿತು. ನನಗೆ ಹಚ್ಚುವಾಗ ಅವಳ ತುಟಿಯಂಚಿನಲ್ಲಿ ಸಣ್ಣದೊಂದು ಸಂತೋಷ ಇರುತ್ತಿತ್ತು. ಉರಿ ಇಳಿಯುವವರೆಗೆ ನಾಗೇಶ್ ರಟ್ಟು ಹಿಡಿದು ಗಾಳಿ ಹಾಕುತ್ತಿದ್ದರು. ಅತ್ತೆ ಮಾತ್ರ ಆ ಹೊತ್ತಿಗೆ ಸರಿಯಾಗಿ ತುಳಸಿಗೆ ನೀರು ಹಾಕಲು ಹೋಗುತ್ತಿದ್ದರು. ದಿನ ಕಳೆದಂತೆ ಉರಿ ಕಡಿಮೆಯಾಯಿತು. ಮೊಣಕೈಯ ಕೆಂಪು ಇಳಿದು ಕಂದುಬಣ್ಣಕ್ಕೆ ತಿರುಗಿತು. ಇನ್ನೇನು ಉಸಿರು ಬಿಡಬೇಕು, ಆಗ ನಾನು ಓದಿದೆ.

ಓದುವುದು ನನ್ನ ಚಟ. ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಓದಿಯೇ ಬಿಸಾಡುವವಳು, ಮುಲಾಮಿನ ಡಬ್ಬಿಯಲ್ಲಿ ಮಡಿಸಿಟ್ಟ ತೆಳು ಹಾಳೆಯನ್ನು ಬಿಡುತ್ತೇನೆಯೇ? ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಅದರ ನಡುವೆ ಚೌಕದೊಳಗೆ ದಪ್ಪಕ್ಕೆ ಅಚ್ಚಾದ ಎಚ್ಚರಿಕೆ. ಈ ಜಾತಿಯ ಮುಲಾಮು ಹಚ್ಚಿದ ಕೆಲವರಲ್ಲಿ, ಅಪರೂಪವಾಗಿ, ಕ್ಯಾನ್ಸರ್ ಕಂಡುಬಂದಿದೆ ಎಂದು ಅದರ ತಾತ್ಪರ್ಯ. ಮುಂದಿನ ಸಾಲಿನಲ್ಲಿ, ಮುಲಾಮಿನಿಂದಲೇ ಎಂದು ಖಚಿತವಾಗಿಲ್ಲ ಎಂದೂ ಇತ್ತು. ಆ ಮುಂದಿನ ಸಾಲು ಯಾರ ಕಣ್ಣಿಗೆ ಬೀಳುತ್ತದೆ ಹೇಳಿ.

ಶೃಂಗೇರಿಯಲ್ಲಿ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ ನನ್ನ ತಮ್ಮ ಚಂದ್ರುವಿಗೆ ಫೋನು ಮಾಡಿದೆ. ಈ ಮುಲಾಮಿನ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಏನಿದೆ ನೋಡು ಎಂದೆ. ಅವನು ಮಾರನೆಯ ದಿನವೇ ಅಂಗಡಿ ಮುಚ್ಚಿ, ಪ್ರಿಂಟು ತೆಗೆದ ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದಿಳಿದ. ಒಂದು ಹಾಳೆ ಔಷಧಿಯನ್ನು ಹೊಗಳುತ್ತಿತ್ತು, ಇನ್ನೊಂದು ಅದನ್ನು ವಿಷ ಎನ್ನುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಒಂದೇ ಗಾತ್ರದ ಅಕ್ಷರದಲ್ಲಿ ಮಾತಾಡುವುದರಿಂದ ತಿಳಿದವರು ಯಾರು, ತಿಳಿಯದವರು ಯಾರು ಎಂದು ಗೊತ್ತಾಗುವುದಿಲ್ಲ.

“ಅಕ್ಕ, ಆ ಕ್ರೀಮ್ ಹಚ್ಚಬೇಡ,” ಎಂದ ಚಂದ್ರು. “ಹಳೇದೇ ಇರ್ಲಿ. ಅದರಲ್ಲಿ ಕ್ಯಾನ್ಸರ್ ಗಿನ್ಸರ್ ಅಂತ ಏನೂ ಇಲ್ವಲ್ಲ.”

“ಹಳೇದನ್ನ ಕಣ್ಣಿಗೆ ಹಚ್ಚೋ ಹಂಗಿಲ್ಲ ಮಾರಾಯ,” ಎಂದರು ನಾಗೇಶ್.

“ಹಂಗಂತ ಇದನ್ನ ಹಚ್ತೀರಾ ಭಾವ?”

“ಡಾಕ್ಟ್ರನ್ನ ಕೇಳೋಣ. ಫೋನ್ ಮಾಡ್ತೀನಿ.”

ಫೋನು ಮಾಡಿದರು. ಡಾಕ್ಟರು ಊರಲ್ಲಿರಲಿಲ್ಲ, ಮುಂದಿನ ವಾರ ಬರುತ್ತಾರೆ ಎಂಬ ಉತ್ತರ. ನಾಗೇಶ್ ಹಚ್ಚುತ್ತಿರೋಣ ಎಂದರು, ನಾನು ಬೇಡ ಎಂದೆ. ಮದುವೆಯಾದ ಮೇಲೆ ನಾವು ಅಷ್ಟು ತಣ್ಣಗಿನ ದನಿಯಲ್ಲಿ ಜಗಳವಾಡಿದ್ದು ಅದೇ ಮೊದಲು. ಕೂಗಿದರೆ ಮಗುವಿಗೆ ಕೇಳಿಸುತ್ತದೆ. ಕೊನೆಗೆ ಎಲ್ಲ ಟ್ಯೂಬುಗಳನ್ನೂ ಅತ್ತೆ ಎತ್ತಿಟ್ಟರು. ಹಳೆಯದೂ ಇಲ್ಲ, ಹೊಸದೂ ಇಲ್ಲ. ಏನನ್ನೂ ಮಾಡದಿದ್ದರೆ ತಪ್ಪು ಮಾಡಿದಂತಾಗುವುದಿಲ್ಲ ಎಂದು ನಂಬುವವರಲ್ಲಿ ನಾನೂ ಒಬ್ಬಳಾಗಿದ್ದೆ.

ಇಸುಬಿಗೆ ಅಂಥ ನಂಬಿಕೆ ಇರಲಿಲ್ಲ. ಅದು ದಿನೇ ದಿನೇ ಏರಿತು. ಕುತ್ತಿಗೆ ಒಡೆದು ನೀರು ಸೋರತೊಡಗಿತು. ಕೈಗೆ ಕಾಲುಚೀಲ ತೊಡಿಸಿದರೂ ಅವಳು ಗೋಡೆಗೆ ಮೈ ಉಜ್ಜುತ್ತಿದ್ದಳು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಹಂಚಿನ ಸಂದಿಯಿಂದ ಬಿಸಿಲು ನೇರ ಹಾಸಿಗೆಯ ಮೇಲೆ ಬಿದ್ದಿತ್ತು, ನಾನು ಅವಳನ್ನು ಎಬ್ಬಿಸಲು ಹೋದೆ. ಮುಖ ಊದಿತ್ತು. ಮೈ ಬಿಸಿ. ಎರಡೂ ಕಣ್ಣಿನ ರೆಪ್ಪೆ ಹಳದಿ ಕೀವು ಕಟ್ಟಿ ಅಂಟಿಕೊಂಡಿದ್ದವು.

“ಅಮ್ಮ,” ಎಂದಳು. “ಇನ್ನೂ ಬೆಳಗಾಗಿಲ್ವಾ?”

ಹೊರಗೆ ಬಂದು ನಾಗೇಶರಿಗೆ ಫೋನು ಮಾಡಿದೆ. ಅವರು ಬೆಳಗಿನ ಜಾವವೇ ಶೆಟ್ಟಿಕೊಪ್ಪದ ಕಡೆ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋಗಿದ್ದರು. ಅಲ್ಲಿ ಸಿಗ್ನಲ್ ಇಲ್ಲ. ಅತ್ತೆ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಮಗುವಿನ ಕಣ್ಣು ಒರೆಸುತ್ತ ಕೂತಿದ್ದರು.

“ಅವನ್ನ ಕಾಯ್ತಾ ಕೂರದು ಬೇಡ,” ಎಂದರು. “ನಾನು ಬರ್ತೀನಿ, ನಡಿ.”

ಪಕ್ಕದ ಮನೆಯಲ್ಲಿ ಸುದ್ದಿ ಹೇಳಿ ಬಸ್ಸು ಹಿಡಿದೆವು. ಅಷ್ಟು ಹೊತ್ತಿಗೆ ಒಂದು ಕಣ್ಣು ಅರೆ ತೆರೆದಿತ್ತು, ಇನ್ನೊಂದು ಇಲ್ಲ. ಎದುರು ಸೀಟಿನ ಹೆಂಗಸು ತಿರುಗಿ ನೋಡಿ, ತನ್ನ ಮಗುವನ್ನು ಆ ಬದಿಯ ತೊಡೆಗೆ ಬದಲಾಯಿಸಿಕೊಂಡಳು. ನಾನು ಅವಳ ಮೇಲೆ ಸಿಟ್ಟಾಗಲೂ ಇಲ್ಲ, ಅಷ್ಟು ಹೆದರಿದ್ದೆ. ಕಣ್ಣಿಗೆ ಏನಾದರೂ ಆಗಿಬಿಟ್ಟರೆ ಎಂಬ ಒಂದೇ ಯೋಚನೆ ಬಸ್ಸಿನ ಎಂಜಿನ್ನಿನ ಸದ್ದಿನ ಜೊತೆ ಸುತ್ತುತ್ತಿತ್ತು. ಪ್ರತಿ ಸ್ಟಾಪಿನಲ್ಲೂ ಅಡಕೆ ಮೂಟೆ, ಬಾಳೆಗೊನೆ ಹತ್ತಿಸುವವರಿದ್ದರು. ಲೋಕಕ್ಕೆ ಯಾವ ಅವಸರವೂ ಇರಲಿಲ್ಲ.

ಡಾಕ್ಟರು ಹಿಂದಿನ ದಿನವಷ್ಟೇ ಬಂದಿದ್ದರು. ಸರದಿಯಲ್ಲಿ ಕೂತವರನ್ನು ಬಿಟ್ಟು ನಮ್ಮನ್ನು ಒಳಗೆ ಕರೆದರು. ನೋಡಿ, ಸೋಂಕಾಗಿದೆ, ಮೊದಲು ಅದಕ್ಕೆ ಔಷಧಿ ಎಂದರು. ನಂತರ ಕ್ರೀಮು ಯಾವಾಗ ನಿಲ್ಲಿಸಿದಿರಿ ಎಂದು ಕೇಳಿದರು. ನಾನು ಪರ್ಸಿನಿಂದ ಆ ತೆಳು ಹಾಳೆಯನ್ನು ತೆಗೆದು ಮೇಜಿನ ಮೇಲೆ ಇಟ್ಟೆ.

ಅವರು ಅದನ್ನು ಬಿಡಿಸಿ ಓದಿದರು. “ಇದನ್ನ ನಾನೇ ಮೊದಲು ಹೇಳಬೇಕಾಗಿತ್ತು,” ಎಂದರು. “ಅವತ್ತು ಹೊರಗೆ ಜನ ಕಾಯ್ತಿದ್ರು, ಅವಸರ ಮಾಡಿದೆ. ತಪ್ಪಾಯ್ತು.” ಆಮೇಲೆ ಅವಸರವಿಲ್ಲದೆ ವಿವರಿಸಿದರು. ಎಚ್ಚರಿಕೆ ಸುಳ್ಳಲ್ಲ. ಹಾಗೆ ಕಂಡದ್ದು ಅಪರೂಪ, ಮುಲಾಮಿನಿಂದಲೇ ಬಂತೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದಲೇ ಜಾಗ್ರತೆ. ತೀರ ಎಳೆ ಕೂಸುಗಳಿಗೆ ಬೇಡ, ಬೇಕಾದ ಜಾಗಕ್ಕೆ ಮಾತ್ರ ತೆಳ್ಳಗೆ, ಇಳಿದೊಡನೆ ನಿಲ್ಲಿಸುವುದು, ಬಿಸಿಲಿಗೆ ಮೈ ಒಡ್ಡದಿರುವುದು. “ಒಂದು ಕಡೆ, ಆಗಬಹುದೇನೋ ಅನ್ನೋ ಅಪಾಯ. ಇನ್ನೊಂದು ಕಡೆ, ಈಗಾಗಲೇ ಕಣ್ಣೆದುರಿಗೆ ಇರೋ ಅಪಾಯ. ತೂಗಿ ನೋಡಬೇಕು.”

ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಅಮ್ಮಾ, ಒಂದು ಕೇಳ್ತೀನಿ. ಬೇಜಾರ್ ಮಾಡ್ಕಬೇಡಿ. ನಿಮ್ ಮಗೂಗೆ ಆಗಿದ್ರೆ ಹಚ್ತಿದ್ರಾ?”

“ಹಚ್ತಿದ್ದೆ,” ಎಂದರು ಡಾಕ್ಟರು. ಚೀಟಿಯನ್ನು ಹತ್ತಿರ ಎಳೆದುಕೊಳ್ಳುತ್ತ, “ಹೆದರಿಕೊಂಡೇ ಹಚ್ತಿದ್ದೆ,” ಎಂದರು.

ರಸ್ತೆಯ ಆಚೆ ಬದಿಗೆ ಕಣ್ಣಿನ ಡಾಕ್ಟರ ಕ್ಲಿನಿಕ್ಕು. ಸೋಂಕಿದ್ದರೂ ಒಮ್ಮೆ ನೋಡಿಬಿಡಲಿ ಎಂದು ಇವರೇ ಫೋನು ಮಾಡಿ ಕಳಿಸಿದರು. ಅಲ್ಲಿ ಒಬ್ಬ ಸಹಾಯಕಿ ಸಿಂಚನಳನ್ನು ಒಳಗೆ ಕರೆದೊಯ್ದು, ಗದ್ದವನ್ನು ಒಂದು ಯಂತ್ರದ ಮೇಲೆ ಇರಿಸಿದಳು. ನಾನೂ ಅತ್ತೆಯೂ ಹೊರಗಿನ ಬೆಂಚಿನ ಮೇಲೆ ಕೂತೆವು. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಪಟ. ಕನ್ನಡದ ಅ, ಗ, ಠ, ಡ. ನನ್ನ ಬದುಕೆಲ್ಲ ಕಳೆದದ್ದು ಆ ಅಕ್ಷರಗಳ ಜೊತೆ. ಅವಳಿಗೆ ಅವು ಕಾಣದೇ ಹೋದರೆ ಎಂಬ ವಿಚಾರ ಒಮ್ಮೆ ಬಂದದ್ದು ಹೋಗಲೇ ಇಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡರು. ಸೀಳಿದ್ದ ಬೆರಳು ನೋಯಿತು. ಬಿಡಿಸಿಕೊಳ್ಳಲಿಲ್ಲ.

ಕಣ್ಣಿನ ಡಾಕ್ಟರು ಕರೆದು ಹೇಳಿದರು. ದೃಷ್ಟಿಗೆ ಏನೂ ಆಗಿಲ್ಲ. ಒತ್ತಡ ಇರಬೇಕಾದ್ದಕ್ಕಿಂತ ಕೊಂಚ ಹೆಚ್ಚಿದೆ. ರೆಪ್ಪೆಗೆ ಆ ಹಳೆಯ ಮುಲಾಮು ಇನ್ನು ಮುಟ್ಟಿಸಬೇಡಿ, ಇಳಿಯುತ್ತದೆ, ಆಗಾಗ ತಂದು ತೋರಿಸಿ. ಇನ್ನೊಂದು ವರ್ಷ ಹೀಗೇ ಬಿಟ್ಟಿದ್ದರೆ, ಎಂದು ಮಾತು ಶುರು ಮಾಡಿದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ವಾಪಸು ಬರುವಾಗ ಸಿಂಚನ ಅತ್ತೆಯ ತೊಡೆಯ ಮೇಲೆ ಮಲಗಿದ್ದಳು. ತೀರ್ಥಹಳ್ಳಿ ದಾಟಿದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು. “ಆ ಡಾಕ್ಟ್ರು ಎಂತದೂ ಆಗಲ್ಲ, ಹಚ್ಚಿ ಅಂದಿದ್ರೆ ನಾನು ಎದ್ದು ಬರ್ತಿದ್ದೆ ಕಣೇ. ಹೆದ್ರಿಕೆ ಆಗ್ತದೆ ಅಂದ್ರಲ್ಲ, ಅದಕ್ಕೆ ಧೈರ್ಯ ಬಂತು.”

ಬಸ್‌ಸ್ಟ್ಯಾಂಡಿನಲ್ಲಿ ನಾಗೇಶ್ ನಿಂತಿದ್ದರು. ಲಸಿಕೆಯ ಡಬ್ಬಿ ಇನ್ನೂ ಬೈಕಿಗೆ ಕಟ್ಟಿಯೇ ಇತ್ತು. ಅವರು ಮಗುವನ್ನು ಎತ್ತಿಕೊಂಡರು. ಯಾರು ಹೇಳಿದ್ದು ಸರಿ ಎಂಬ ಪ್ರಶ್ನೆಯನ್ನು ಅವರು ಅಂದೂ ಎತ್ತಲಿಲ್ಲ, ಇಂದಿನವರೆಗೂ ಎತ್ತಿಲ್ಲ. ದಾಂಪತ್ಯದಲ್ಲಿ ಇದು ಚಿಕ್ಕ ಉಪಕಾರವಲ್ಲ.

ಸೋಂಕು ಇಳಿದ ಮೇಲೆ ಮುಲಾಮು ಮತ್ತೆ ಶುರುವಾಯಿತು. ಈ ಸಲ ಹಚ್ಚುವ ಹೊತ್ತಿಗೆ ಅತ್ತೆಯೂ ಬಂದು ಕೂರತೊಡಗಿದರು. ಚರ್ಮ ಒಣಗದಿರಲೆಂದು ಡಾಕ್ಟರು ಬರೆದಿದ್ದ ಜಿಡ್ಡು ಕ್ರೀಮನ್ನು ಫ್ರಿಜ್ಜಿನಲ್ಲಿಟ್ಟು ಮೈಗೆಲ್ಲ ಸವರಿದರೆ ಉರಿ ಬೇಗ ಶಮನವಾಗುತ್ತದೆ ಎಂದು ಕಂಡುಹಿಡಿದದ್ದು ಅವರೇ. ಉಲ್ಲನ್ ಸ್ವೆಟರು ಹೋಗಿ ಹತ್ತಿ ಅಂಗಿಯ ಮೇಲೆ ಹತ್ತಿ ಅಂಗಿ ಬಂತು. ಬಚ್ಚಲ ಹಂಡೆಯ ಕುದಿನೀರು ಹೋಗಿ ಉಗುರುಬೆಚ್ಚಗಿನದಾಯಿತು. ಮಲೆನಾಡಿನ ಮನೆಯಲ್ಲಿ ಬಿಸಿನೀರು ಬಿಡಿಸುವುದು ಧರ್ಮಾಂತರಕ್ಕಿಂತ ಕಷ್ಟ ಎಂದು ನಾಗೇಶ್ ಗೊಣಗಿದರು. ನಾಗನಿಗೆ ಹರಕೆಯ ಹಾಲು ಹೋಗುವುದೂ ನಿಲ್ಲಲಿಲ್ಲ. ನಾನು ಆಕ್ಷೇಪಿಸಲಿಲ್ಲ.

ಉಳಿದದ್ದು ಶಾಲೆ. ಪಾಲಕರ ಸಭೆಗೆ ನಾನು ಹೋಗಲಾರೆ ಎಂದೆ, ಅಳು ಬರುತ್ತದೆ ಎಂದು ಗೊತ್ತಿತ್ತು. ನಾಗೇಶ್ ಹೋದರು, ನಾನು ಕಡೆಯ ಬೆಂಚಿನಲ್ಲಿ ಕೂತೆ. ಅವರಿಗೆ ಭಾಷಣ ಬಾರದು. ಎದ್ದು ನಿಂತು, “ನನ್ ಮಗಳಿಗೆ ಇರೋದು ಇಸುಬು. ಅದು ಅಂಟಲ್ಲ. ಅಂಟೋ ಕಾಯಿಲೆ ಯಾವುದು ಅಂತ ನೋಡೋದೇ ನನ್ನ ಕೆಲಸ,” ಎಂದರು.

ಒಬ್ಬ ತಂದೆ ಮೆಲ್ಲಗೆ ಕೇಳಿದರು. “ಸಾರ್, ನೀವು ದನದ ಡಾಕ್ಟ್ರಲ್ವಾ?”

“ಹೌದು. ಸುಳ್ಳು ಹೇಳಿದ್ರೆ ನನ್ನ ಪೇಷೆಂಟುಗಳು ಒದೀತಾವೆ. ಅದಕ್ಕೇ ಅಭ್ಯಾಸ ಇಲ್ಲ.”

ಯಾರೋ ನಕ್ಕರು, ಆಮೇಲೆ ಕೆಲವರು ನಕ್ಕರು. ಒಬ್ಬಾಕೆ ನಗಲಿಲ್ಲ. ಎದ್ದು, “ನಿಮ್ಮ ಮಗೂಗೆ ನೋವಾಗಲಿ ಅಂತ ಹೇಳಿದ್ದಲ್ಲ, ನಂಗೆ ಹೆದರಿಕೆ ಆಗಿತ್ತು,” ಎಂದರು. ನಾಗೇಶ್ ತಲೆದೂಗಿದರು. “ನಮಗೂ ಆಗಿತ್ತು,” ಎಂದರು. ಅಷ್ಟೇ. ಹೆಡ್‌ಮಿಸ್ಸು ಪೇಪರ್‌ವೇಟನ್ನು ತಿರುಗಿಸುವುದನ್ನು ನಿಲ್ಲಿಸಿ, ಮರಕ್ಕೆ ರಟ್ಟು ಸಾಕು, ಹೂವು ಒಂದು ಕಡಿಮೆಯಿದೆ ಎಂದರು.

ಸ್ಕೂಲ್ ಡೇ ದಿನ ಸಿಂಚನ ಹಳದಿ ಹೂವಾಗಿ ಸುತ್ತಿದಳು. ಪಕ್ಕದ ಹುಡುಗಿ ಮೊದಮೊದಲು ಅವಳ ಕಿರುಬೆರಳಷ್ಟನ್ನೇ ಹಿಡಿದಿದ್ದಳು. ಹಾಡು ಜೋರಾಗಿ, ಸುತ್ತು ವೇಗವಾಗಿ, ಬೀಳುವಂತಾದಾಗ ಇಡೀ ಕೈಯನ್ನೇ ಬಿಗಿಯಾಗಿ ಹಿಡಿದಳು. ಮಕ್ಕಳ ತತ್ವ ಸರಳ, ಬೀಳುವಾಗ ಯಾರ ಕೈಯಾದರೂ ಆದೀತು.

ಇಸುಬು ಹೋಯಿತು ಎಂದು ಹೇಳಿದರೆ ನೀವು ಸಂತೋಷಪಡುತ್ತೀರಿ, ಆದರೆ ಅದು ಹೋಗಲಿಲ್ಲ. ಪ್ರತಿ ಚಳಿಗಾಲ ತಲೆ ಹಾಕುತ್ತದೆ. ನನ್ನ ಬೆರಳುಗಳಲ್ಲಿ ಪರೀಕ್ಷೆಯ ಕಾಲಕ್ಕೆ ಹಾಜರಾಗುತ್ತದೆ. ಬಂದಾಗ ಕೆಲವು ದಿನ ಮುಲಾಮು ಹಚ್ಚುತ್ತೇವೆ, ಇಳಿದಾಗ ನಿಲ್ಲಿಸುತ್ತೇವೆ, ಜಿಡ್ಡು ಕ್ರೀಮನ್ನು ಮಾತ್ರ ಬಿಡುವುದಿಲ್ಲ. ಕಣ್ಣಿನ ಒತ್ತಡ ಇಳಿಯಿತು ಎಂದು ಡಾಕ್ಟರು ಹೇಳಿದ ದಿನ ಅತ್ತೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲೇ ಎಲ್ಲರಿಗೂ ಐಸ್‌ಕ್ರೀಮು ಕೊಡಿಸಿದರು. ಆ ಚೌಕದೊಳಗಿನ ಎಚ್ಚರಿಕೆ ನೆನಪಾಗಿ ಈಗಲೂ ಒಮ್ಮೊಮ್ಮೆ ಎದೆ ಧಸಕ್ಕೆನ್ನುತ್ತದೆ. ಹಾಗೆನ್ನಲಿ. ಮಗುವನ್ನು ಸಾಕುವುದೆಂದರೆ ಆ ಧಸಕ್ಕನ್ನೂ ಸಾಕುವುದು ಎಂದು ಒಪ್ಪಿಕೊಂಡಿದ್ದೇನೆ.

ಎರಡು ಬೇಸಿಗೆ ಕಳೆದ ಮೇಲೆ ಸಿಂಚನ ಸೈಕಲ್ ಕಲಿಯುತ್ತಿದ್ದಳು. ಒಂದು ಸಂಜೆ ನಮ್ಮ ಮನೆಯ ಇಳಿಜಾರಿನಲ್ಲಿ ಧಡಾರೆಂದು ಸದ್ದಾಯಿತು. ಅವಳು ಕುಂಟುತ್ತ ಒಳಗೆ ಬಂದಳು. ಮಂಡಿ ತರಚಿ, ಮಣ್ಣು ಮೆತ್ತಿ, ರಕ್ತ ಜಿನುಗುತ್ತಿತ್ತು. ನಾನು ಕೂರಿಸಿ ತೊಳೆದೆ. ಮಣ್ಣು ಹೋದ ಮೇಲೆ ಗಾಯದ ಸುತ್ತಲಿನ ಚರ್ಮ ಕಂಡಿತು. ಕೆಂಪಿಲ್ಲ, ಬಿರುಕಿಲ್ಲ. ಯಾವ ಮಗುವಿನದಾದರೂ ಇರಬಹುದಾದ, ಬಿದ್ದರೆ ತರಚುವ ಬರಿಯ ಚರ್ಮ. ನನಗೆ ನಗು ಬಂತು, ತಡೆಯಲಾಗಲಿಲ್ಲ.

“ಬಿದ್ದಿದೀನಿ ಅಮ್ಮ,” ಎಂದಳು ಅವಳು, ನನಗೆ ಅರ್ಥವಾಗಿಲ್ಲವೇನೋ ಎಂಬಂತೆ.

“ಗೊತ್ತಾತು,” ಎಂದೆ.

ಅತ್ತೆ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದರು. “ಮಗು ಬಿದ್ದದ್ದಕ್ಕೆ ನಗೋ ತಾಯೀನ ನಾನು ಇವತ್ತೇ ನೋಡಿದ್ದು ಮಾರಾಯ್ತಿ,” ಎಂದರು. ಅವರು ಬಗ್ಗಿ ಗಾಯ ನೋಡಿದರು. ಕಣ್ಣು ಕಿರಿದು ಮಾಡಿ ಅದರ ಸುತ್ತಲೂ ನೋಡಿದರು. ಆ ಚರ್ಮವನ್ನು ಬೆರಳಿನಿಂದ ಒಮ್ಮೆ ಸವರಿದರು.

ಅಷ್ಟರಲ್ಲಿ ಸಿಂಚನ ಎದ್ದು, ಪಟ್ಟಿ ಗಿಟ್ಟಿ ಏನೂ ಬೇಡ ಎಂದು, ಬಾಗಿದ ಹ್ಯಾಂಡಲನ್ನು ಕಾಲ ಸಂದಿನಲ್ಲಿ ಒತ್ತಿ ನೆಟ್ಟಗೆ ಮಾಡಿಕೊಂಡು ಮತ್ತೆ ಇಳಿಜಾರಿಗೆ ಹೊರಟಿದ್ದಳು. ನಾನು ಒದ್ದೆ ಹತ್ತಿಯನ್ನು ಕೈಯಲ್ಲಿ ಹಿಡಿದು ಗೇಟಿನ ಹತ್ತಿರ ನಿಂತೆ. ನಿಧಾನ ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಅವಳು ಬ್ರೇಕು ಬಿಟ್ಟಾಗಿತ್ತು.